ಸಂಜೆ 6ರ ಮೇಲೆ ಗ್ಲಾಸ್ ಹೊರಗೆ ಹೋಗಬಾರದು: ಸೋಹೋದ ಒಂದು ಪಬ್ಬಿನ ಕೇಸು

ಪಬ್ ಗಲಾಟೆ ಅಂದ ಕೂಡಲೇ ನೆನಪಿಗೆ ಬರುವುದು ಸ್ಪೀಕರ್, ಡಿಜೆ, ಎದೆಗೆ ಗುದ್ದುವ ಬೇಸ್. ಲಂಡನ್ನಿನ ಎಂಡ್ಯೂರೆನ್ಸ್ ಪಬ್ಬಿನ ಕೇಸು ಕೋರ್ಟಿಗೆ ಹೋದದ್ದು ಅದಕ್ಕಲ್ಲ. ಗ್ಲಾಸ್ ಹಿಡಿದು ಹೊರಗೆ ನಿಂತು ಕುಡಿಯುತ್ತಿದ್ದ ಗಿರಾಕಿಗಳ ಸದ್ದಿಗೆ.

ಆ ಸದ್ದಿಗೆ ಅಲ್ಲಿನ ಸ್ಥಳೀಯ ಆಡಳಿತವಾದ ವೆಸ್ಟ್‌ಮಿನ್‌ಸ್ಟರ್ ಕೌನ್ಸಿಲ್ ಹಾಕಿದ್ದು ಒಂದೇ ಸಾಲಿನ ಷರತ್ತು. ಸಂಜೆ 6 ಗಂಟೆಯ ನಂತರ ಯಾವ ಗಿರಾಕಿಯೂ ಮುಚ್ಚಳ ತೆಗೆದ ಬಾಟಲಿ, ಗ್ಲಾಸ್ ಹಿಡಿದುಕೊಂಡು ಪಬ್ಬಿನಿಂದ ಆಚೆ ಹೋಗುವಂತಿಲ್ಲ. ಅಷ್ಟೇ. ಈ ಒಂದು ಸಾಲನ್ನು ತೆಗೆಸಲು ಪಬ್ ನಡೆಸುತ್ತಿದ್ದ ಹೋಪ್ ಅಂಡ್ ಗ್ಲೋರಿ ಪಬ್ಲಿಕ್ ಹೌಸ್ ಲಿಮಿಟೆಡ್ ಎಂಬ ಕಂಪನಿ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಯಿತು, ಅಲ್ಲಿಂದ ಹೈಕೋರ್ಟಿಗೆ, ಅಲ್ಲಿಂದ ಕೋರ್ಟ್ ಆಫ್ ಅಪೀಲಿಗೆ. ಮೂರೂ ಕಡೆ ಸೋತಿತು. ಕೊನೆಯ ತೀರ್ಪು ಬಂದದ್ದು 2011ರ ಜನವರಿಯಲ್ಲಿ. ಇಂಗ್ಲೆಂಡಿನಲ್ಲಿ ಲೈಸೆನ್ಸ್ ಜಗಳ ನಡೆಸುವ ವಕೀಲರಿಗೆ ಈಗ ಈ ಪಬ್ಬಿನ ರುಚಿ ಗೊತ್ತಿಲ್ಲದಿದ್ದರೂ ಈ ಕೇಸಿನ ಹೆಸರು ಬಾಯಿಪಾಠ.

ಮೊದಲು ಜಾಗ ನೋಡಿ, ಯಾಕೆಂದರೆ ಇಡೀ ಜಗಳ ಜಾಗದ್ದೇ. ಪಬ್ ಇದ್ದದ್ದು ಲಂಡನ್ನಿನ ನಡುಭಾಗದ ಸೋಹೋದಲ್ಲಿ, ಬರ್ವಿಕ್ ಸ್ಟ್ರೀಟಿನ 90ನೇ ನಂಬರಿನಲ್ಲಿ. ಪಕ್ಕದಲ್ಲಿ ಕೆಂಪ್ಸ್ ಕೋರ್ಟ್ ಎಂಬ ಓಣಿ. ಬರ್ವಿಕ್ ಸ್ಟ್ರೀಟಿನಲ್ಲಿ ಹಗಲು ತರಕಾರಿ, ಹಣ್ಣಿನ ಹಳೆಯ ಸಂತೆ ನಡೆಯುತ್ತದೆ. ನಾಲ್ಕು ಹೆಜ್ಜೆ ಆಚೆಗೆ ಬ್ರಾಡ್‌ವಿಕ್ ಸ್ಟ್ರೀಟ್, 1854ರಲ್ಲಿ ಕಾಲರಾ ಹರಡಿದ್ದು ಕುಡಿಯುವ ನೀರಿನಿಂದ ಎಂದು ಡಾಕ್ಟರ್ ಜಾನ್ ಸ್ನೋ ತೋರಿಸಿಕೊಟ್ಟ ಆ ಹೆಸರಾಂತ ನೀರಿನ ಪಂಪ್ ಇದ್ದ ಬೀದಿ. ಸೋಹೋ ಅಂದರೆ ನಾಟಕಶಾಲೆ, ಕ್ಲಬ್, ರಾತ್ರಿ ಬದುಕು ಅಂತಲೇ ಹೊರಗಿನವರ ಲೆಕ್ಕ. ಆದರೆ ಅಲ್ಲಿ ಜನ ಸಂಸಾರ ಮಾಡಿಕೊಂಡಿದ್ದಾರೆ. ಬರ್ವಿಕ್ ಸ್ಟ್ರೀಟಿನಲ್ಲೇ ಕೆಂಪ್ ಹೌಸ್ ಎಂಬ ಬಹುಮಹಡಿ ವಸತಿ ಕಟ್ಟಡ ನಿಂತಿದೆ. ಕೆಳಗೆ ಅಂಗಡಿ, ಮೇಲೆ ಮನೆ.

ಇಂಥ ಕಡೆ ಸದ್ದು ಹೇಗೆ ಬೆಳೆಯುತ್ತದೆ ಅನ್ನುವುದು ಸ್ವಲ್ಪ ವಿಚಿತ್ರ. ಒಬ್ಬೊಬ್ಬರನ್ನೇ ತೆಗೆದುಕೊಂಡರೆ ಯಾರೂ ಕಿರುಚುತ್ತಿರುವುದಿಲ್ಲ. ಆದರೆ ಪಕ್ಕದವರ ಮಾತು ಜಾಸ್ತಿಯಾದಷ್ಟೂ ನಾವು ಗೊತ್ತಿಲ್ಲದೆಯೇ ದನಿ ಏರಿಸುತ್ತೇವೆ, ನಮ್ಮಿಂದಾಗಿ ಅವರೂ ಏರಿಸುತ್ತಾರೆ. ಫ್ರೆಂಚ್ ವೈದ್ಯ ಲೊಂಬಾರ್ಡ್ ನೂರು ವರ್ಷಕ್ಕೂ ಹಿಂದೆ ಗುರುತಿಸಿದ ಸಂಗತಿ ಇದು, ಅವರ ಹೆಸರಿನಲ್ಲೇ ಕರೆಯುತ್ತಾರೆ. ಓಣಿಯಲ್ಲಿ ಎರಡೂ ಕಡೆ ಗೋಡೆ ಇದ್ದರೆ ಆ ಸದ್ದಿಗೆ ಹೋಗಲು ಇರುವ ದಾರಿ ಮೇಲಕ್ಕೆ ಮಾತ್ರ. ಮೇಲೆ ಇರುವುದು ಬೆಡ್‌ರೂಮಿನ ಕಿಟಕಿ. ಸಾಲದ್ದಕ್ಕೆ ಲಂಡನ್ನಿನ ಬೇಸಿಗೆ ಸಂಜೆ, ಜೂನಿನಲ್ಲಿ 9 ಗಂಟೆ ಕಳೆದರೂ ಬೆಳಕು. ಬಿಸಿಲು ಕಂಡರೆ ಆಫೀಸ್ ಮುಗಿಸಿದ ಇಂಗ್ಲಿಷರು ಪಬ್ಬಿನ ಒಳಗೆ ಕೂರುವುದಿಲ್ಲ, ಹೊರಗೆ ನಿಂತೇ ಕುಡಿಯುತ್ತಾರೆ. 2007ರ ಜುಲೈ 1ರಿಂದ ಇಂಗ್ಲೆಂಡಿನ ಪಬ್‌ಗಳ ಒಳಗೆ ಸಿಗರೇಟ್ ನಿಷೇಧ ಆಯಿತು. ಅಲ್ಲಿಗೆ ಹೊರಗೆ ಬರಲು ಇನ್ನೊಂದು ಕಾರಣ ಸಿಕ್ಕಿತು.

ಅಕ್ಕಪಕ್ಕದ ನಿವಾಸಿಗಳು ದೂರು ಕೊಟ್ಟರು. ಪಬ್ಬಿನ ಲೈಸೆನ್ಸ್ ಮರುಪರಿಶೀಲನೆಗೆ ಬಂತು.

ಇಲ್ಲಿ ಕಾನೂನನ್ನು ಸ್ವಲ್ಪ ತಿಳಿದುಕೊಳ್ಳಬೇಕು, ಬೇಜಾರಾದರೂ ಪರವಾಗಿಲ್ಲ. ಮೊದಲು ಇಂಗ್ಲೆಂಡಿನಲ್ಲಿ ಮದ್ಯದ ಲೈಸೆನ್ಸ್ ಕೊಡುತ್ತಿದ್ದವರು ಮ್ಯಾಜಿಸ್ಟ್ರೇಟರು. 2003ರ ಲೈಸೆನ್ಸಿಂಗ್ ಆಕ್ಟ್ ಆ ಕೆಲಸವನ್ನು ಸ್ಥಳೀಯ ಕೌನ್ಸಿಲ್‌ಗೆ ಕೊಟ್ಟಿತು, 2005ರ ನವೆಂಬರ್ 24ಕ್ಕೆ ಪೂರ್ತಿ ಜಾರಿಗೆ ಬಂತು. ಕೌನ್ಸಿಲ್ ನೋಡಬೇಕಾದ ಗುರಿಗಳು ನಾಲ್ಕೇ: ಅಪರಾಧ ತಡೆ, ಜನರ ಸುರಕ್ಷತೆ, ಸಾರ್ವಜನಿಕ ಕಿರಿಕಿರಿ ತಡೆ, ಮಕ್ಕಳ ರಕ್ಷಣೆ. ಸದ್ದಿನ ದೂರು ಬರಬೇಕಾದ ಬಾಗಿಲು ಮೂರನೆಯದು. ಲೈಸೆನ್ಸ್ ಕೊಟ್ಟಾದ ಮೇಲೂ ಯಾವಾಗ ಬೇಕಾದರೂ ಮರುಪರಿಶೀಲನೆ ಕೇಳಬಹುದು, ಕೇಳಲು ಫೀಸಿಲ್ಲ. ಅರ್ಜಿ ಬಂದರೆ 28 ದಿನ ಎಲ್ಲರೂ ಅಭಿಪ್ರಾಯ ಹೇಳಬಹುದು. ಆಮೇಲೆ ಸಾಮಾನ್ಯವಾಗಿ ಮೂವರು ಕೌನ್ಸಿಲರ್‌ಗಳ ಉಪಸಮಿತಿ ಕೂತು ಎರಡೂ ಕಡೆ ಕೇಳುತ್ತದೆ. ಅವರ ಕೈಯಲ್ಲಿ ಇರುವ ಅಸ್ತ್ರಗಳು ಸಣ್ಣದರಿಂದ ದೊಡ್ಡದರ ತನಕ: ಷರತ್ತು ಬದಲಿಸುವುದು, ಸಂಗೀತದಂಥ ಒಂದು ಚಟುವಟಿಕೆ ತೆಗೆಯುವುದು, ಮೇಲ್ವಿಚಾರಕರನ್ನು ಬದಲಿಸುವುದು, ಮೂರು ತಿಂಗಳವರೆಗೆ ಅಮಾನತು, ಕಡೆಗೆ ಲೈಸೆನ್ಸೇ ರದ್ದು.

ಎಂಡ್ಯೂರೆನ್ಸ್ ವಿಚಾರದಲ್ಲಿ ಉಪಸಮಿತಿ ಆರಿಸಿದ್ದು ಷರತ್ತು. ನನಗೆ ಈ ಕೇಸಿನಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಆ ಷರತ್ತಿನ ಕಟ್ಟುವಿಕೆಯೇ. ಗಿರಾಕಿಗಳು ಸದ್ದು ಮಾಡಬಾರದು ಅಂತ ಬರೆಯಬಹುದಿತ್ತು. ಅದನ್ನು ಪಾಲಿಸುವವರು ಯಾರು, ಅಳೆಯುವವರು ಯಾರು? ದಯವಿಟ್ಟು ಮೆಲ್ಲಗೆ ಹೋಗಿ ಅಂತ ಇಂಗ್ಲೆಂಡಿನ ಪಬ್ ಬಾಗಿಲಲ್ಲೆಲ್ಲ ಬೋರ್ಡ್ ಇರುತ್ತದೆ, ಮೂರು ಪಿಂಟ್ ಬಿಯರ್ ಆದ ಮೇಲೆ ಅದನ್ನು ಯಾರು ಓದುತ್ತಾರೆ? ಪಬ್ಬನ್ನು ಬೇಗ ಮುಚ್ಚಿಸಬಹುದಿತ್ತು, ಆದರೆ ಒಳಗೆ ಕೂತವರ ಮೇಲೆ ದೂರು ಇರಲಿಲ್ಲವಲ್ಲ. ಓಣಿಯಲ್ಲಿ ನಿಲ್ಲಬಾರದು ಅನ್ನೋಣ ಅಂದರೆ ಪಬ್ಬಿನ ಗೋಡೆಯ ಆಚೆ ನಿಂತವರ ಮೇಲೆ ಪಬ್ಬಿನವರಿಗೆ ಏನು ಅಧಿಕಾರ? ಸರ್ಕಾರದ ಮಾರ್ಗಸೂಚಿಯೇ ಹೇಳುತ್ತದೆ, ಪಬ್ಬಿನ ಪರಿಸರದಿಂದ ದೂರ ಹೋದ ಮೇಲೆ ಜನರ ನಡತೆಗೆ ಅವರವರೇ ಹೊಣೆ ಅಂತ. ಷರತ್ತು ಗ್ಲಾಸನ್ನು ಹಿಡಿಯಿತು. ಗ್ಲಾಸ್ ಬಾಗಿಲು ದಾಟುವುದು ಕಣ್ಣಿಗೆ ಕಾಣುತ್ತದೆ. ಬಾಗಿಲಲ್ಲಿ ಒಬ್ಬ ಸಿಬ್ಬಂದಿ ನಿಂತರೆ ತಡೆಯಬಹುದು, ಎದುರು ಮನೆಯವರು ಫೋಟೋ ತೆಗೆಯಬಹುದು, ಕೌನ್ಸಿಲ್ ಇನ್‌ಸ್ಪೆಕ್ಟರ್ ಬಂದು ನೋಡಬಹುದು. ಸಿಗರೇಟ್ ಸೇದಲು ಹೊರಗೆ ಬರುವವರಿಗೆ ಅಡ್ಡಿಯಿಲ್ಲ, ಆದರೆ ಅರ್ಧ ಗ್ಲಾಸ್ ಒಳಗೆ ಬಿಟ್ಟು ಬಂದವರು ಹೊರಗೆ ಗಂಟೆಗಟ್ಟಲೆ ನಿಲ್ಲುವುದಿಲ್ಲ ಅಲ್ವಾ?

ಪಬ್ಬಿನವರ ಕಷ್ಟವೂ ಸುಳ್ಳಲ್ಲ. ಸೋಹೋದ ಪಬ್‌ಗಳ ಒಳಗೆ ಜಾಗ ಕಮ್ಮಿ, ಬಾಡಿಗೆ ಆಕಾಶಕ್ಕೆ. ಬೇಸಿಗೆಯಲ್ಲಿ ಹೊರಗೆ ನಿಂತು ಕುಡಿಯುವ ಗುಂಪೇ ಅವರ ಸಂಪಾದನೆ. 6 ಗಂಟೆ ಅಂದರೆ ಆಫೀಸ್ ಬಿಟ್ಟ ಜನ ಬಂದು ಸೇರುವ ಹೊತ್ತು, ಅಂದರೆ ವ್ಯಾಪಾರ ಶುರುವಾಗುವ ಹೊತ್ತಿಗೇ ಬೇಲಿ. ರಾತ್ರಿ 9 ಅಂದಿದ್ದರೆ ಈ ಕೇಸ್ ಇಷ್ಟು ದೂರ ಹೋಗುತ್ತಿತ್ತೋ ಇಲ್ಲವೋ. ಷರತ್ತು ಮುರಿದರೆ ಸುಮ್ನೆ ದಂಡ ಕಟ್ಟಿ ಬರುವ ವಿಷಯವೂ ಅಲ್ಲ. ಆಗ 20,000 ಪೌಂಡ್ ತನಕ ದಂಡ, ಆರು ತಿಂಗಳ ತನಕ ಜೈಲು, ಅಥವಾ ಎರಡೂ. ಆಮೇಲೆ 2015ರಲ್ಲಿ ದಂಡಕ್ಕೆ ಇದ್ದ ಮಿತಿಯನ್ನೂ ತೆಗೆದುಹಾಕಿದರು.

ಉಪಸಮಿತಿಯ ತೀರ್ಮಾನ ಒಪ್ಪದಿದ್ದರೆ 21 ದಿನದೊಳಗೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅಪೀಲು. ಅಪೀಲು ಮುಗಿಯುವ ತನಕ ಮರುಪರಿಶೀಲನೆಯಲ್ಲಿ ಹಾಕಿದ ಷರತ್ತು ಜಾರಿಗೆ ಬರುವುದಿಲ್ಲ. ಈ ಪುಟ್ಟ ನಿಯಮದ ಬಗ್ಗೆ ಜನ ಜಾಸ್ತಿ ಮಾತಾಡುವುದಿಲ್ಲ, ಆದರೆ ಪಬ್ ಮಾಲೀಕರ ಲೆಕ್ಕಾಚಾರದಲ್ಲಿ ಇದಕ್ಕೆ ದೊಡ್ಡ ಜಾಗವಿದೆ. ಅಪೀಲು ಹಾಕಿದರೆ ಸೋತರೂ ಒಂದು ಬೇಸಿಗೆ ಉಳಿಯಬಹುದು.

ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಅಪೀಲು ಬಂದದ್ದು ಜಿಲ್ಲಾ ನ್ಯಾಯಾಧೀಶ ಸ್ನೋ ಅವರ ಮುಂದೆ. ಕಾಲರಾ ಪಂಪಿನ ಸ್ನೋಗೂ ಇವರಿಗೂ ಸಂಬಂಧವಿಲ್ಲ, ಹೆಸರು ಒಂದೇ ಅಷ್ಟೇ. ಇವರು ಶುರುವಿನಲ್ಲೇ ತಾನು ಹೇಗೆ ವಿಚಾರಣೆ ಮಾಡುತ್ತೇನೆ ಎಂದು ಹೇಳಿಬಿಟ್ಟರು. ಸಾಕ್ಷಿಗಳನ್ನು ಹೊಸದಾಗಿಯೇ ಕೇಳುತ್ತೇನೆ. ಆದರೆ ಕೌನ್ಸಿಲ್ ತೀರ್ಮಾನವನ್ನು ಗಮನದಲ್ಲಿ ಇಟ್ಟುಕೊಳ್ಳುತ್ತೇನೆ, ಹಗುರವಾಗಿ ತಿರುಗಿಸುವುದಿಲ್ಲ, ಅದು ತಪ್ಪು ಅಂತ ನನಗೆ ಮನದಟ್ಟಾದರೆ ಮಾತ್ರ ಬದಲಿಸುತ್ತೇನೆ. ಸಾಕ್ಷಿ ಕೇಳಿದರು, ತಪ್ಪು ಅನ್ನಿಸಲಿಲ್ಲ, ಅಪೀಲು ವಜಾ.

ಕಂಪನಿ ಹಿಡಿದುಕೊಂಡದ್ದು ಈ ಮಾತನ್ನೇ. ಮರುವಿಚಾರಣೆ ಅಂದ ಮೇಲೆ ಸೊನ್ನೆಯಿಂದ ಶುರುವಾಗಬೇಕು, ಕೆಳಗಿನವರು ಏನು ಹೇಳಿದ್ದರು ಅನ್ನುವುದಕ್ಕೆ ತೂಕ ಯಾಕೆ ಅನ್ನುವುದು ಅವರ ವಾದ. ಜೊತೆಗೆ ಮಾನವ ಹಕ್ಕುಗಳ ಯುರೋಪಿಯನ್ ಒಪ್ಪಂದದ 6ನೇ ವಿಧಿ: ಸ್ವತಂತ್ರ, ಪಕ್ಷಪಾತವಿಲ್ಲದ ನ್ಯಾಯಮಂಡಳಿಯ ಮುಂದೆ ವಿಚಾರಣೆ ಸಿಗಬೇಕು. ಕೌನ್ಸಿಲರ್‌ಗಳು ಚುನಾವಣೆಯಲ್ಲಿ ಗೆದ್ದು ಬಂದವರು, ಅವರ ಓಟು ಇರುವುದು ದೂರು ಕೊಡುವ ನಿವಾಸಿಗಳ ಕೈಯಲ್ಲಿ. ಅಂಥವರ ಮಾತಿಗೆ ಕೋರ್ಟ್ ತಲೆಬಾಗಿದರೆ ಸ್ವತಂತ್ರ ವಿಚಾರಣೆ ಎಲ್ಲಿ ಉಳಿಯಿತು? ಪ್ರಶ್ನೆ ಚೆನ್ನಾಗಿದೆ. ನಾನು ಪಬ್ಬಿನ ಕಡೆ ಇದ್ದಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ.

2009ರಲ್ಲಿ ಹೈಕೋರ್ಟಿನ ನ್ಯಾಯಮೂರ್ತಿ ಬರ್ಟನ್ ಒಪ್ಪಲಿಲ್ಲ. ಕೋರ್ಟ್ ಆಫ್ ಅಪೀಲಿನಲ್ಲಿ ಉಳಿದದ್ದು ಈ ಒಂದೇ ಪ್ರಶ್ನೆ, ತೀರ್ಪು ಕೊಟ್ಟವರು ಲಾರ್ಡ್ ಜಸ್ಟಿಸ್ ಟೋಲ್ಸನ್. ಅವರು ಹಿಂದಕ್ಕೆ, 1949ರ ಒಂದು ಕೇಸಿನ ತನಕ ಹೋದರು. ಲಂಡನ್ನಿನ ಸ್ಟೆಪ್ನಿ ಎಂಬ ಭಾಗದ ಬೀದಿ ವ್ಯಾಪಾರಿಗಳು ನಿಗದಿ ಬೆಲೆಗಿಂತ ಜಾಸ್ತಿಗೆ ಮಾರಿ ಲೈಸೆನ್ಸ್ ಕಳೆದುಕೊಂಡ ಪ್ರಕರಣ ಅದು. ಚುನಾಯಿತ ಸಂಸ್ಥೆಯ ತೀರ್ಮಾನಕ್ಕೆ ಅಪೀಲಿನಲ್ಲಿ ಬೆಲೆ ಇದೆ, ಹಗುರವಾಗಿ ತಿರುಗಿಸಬಾರದು ಅನ್ನುವ ಮಾತು ಬಂದದ್ದು ಅಲ್ಲಿಂದ.

ಟೋಲ್ಸನ್ ಸೇರಿಸಿದ ವಿವರಣೆ ನನ್ನ ಪ್ರಕಾರ ಈ ಕೇಸಿನ ತಿರುಳು. ಲೈಸೆನ್ಸ್ ತೀರ್ಮಾನದಲ್ಲಿ ಹಲವು ಹಿತಗಳನ್ನು ತೂಗಬೇಕು: ಇಂಥ ಜಾಗಗಳಿಗೆ ಇರುವ ಬೇಡಿಕೆ, ಮಾಲೀಕರ ವ್ಯಾಪಾರ, ಊರಿಗೆ ಆಗುವ ಲಾಭ, ಕಾನೂನು ಸುವ್ಯವಸ್ಥೆ, ಅಲ್ಲಿ ವಾಸಿಸುವವರ ಬದುಕು. ಕೆಲವು ಸಲ ಪ್ರಶ್ನೆ ಇನ್ನೂ ಸಣ್ಣದು, ಈ ಸದ್ದು ಸಾರ್ವಜನಿಕ ಕಿರಿಕಿರಿಯೋ ಅಲ್ಲವೋ ಅನ್ನುವಂಥದ್ದು. ಅದೂ ಕೂಡ ನಾಣ್ಯ ಚಿಮ್ಮಿ ಈ ಕಡೆ ಆ ಕಡೆ ಅನ್ನುವ ಹಾಗಿನ ಪ್ರಶ್ನೆಯಲ್ಲ. ಆ ನಿರ್ದಿಷ್ಟ ಜಾಗದಲ್ಲಿ ಯಾವುದು ಸಹಿಸಬಹುದಾದದ್ದು ಅಂತ ಅಂದಾಜಿಸುವ ಕೆಲಸ. ಆ ಕೆಲಸವನ್ನು ಪಾರ್ಲಿಮೆಂಟ್ ಕೊಟ್ಟಿರುವುದು ಸ್ಥಳೀಯ ಕೌನ್ಸಿಲ್‌ಗೆ. ಆದ್ದರಿಂದ ಅಪೀಲಿನಲ್ಲಿ ಅವರು ಕೊಟ್ಟ ಕಾರಣಗಳನ್ನು ಗಮನಿಸಲೇಬೇಕು, ತಪ್ಪು ಅಂತ ತೋರಿಸುವ ಹೊರೆ ಅಪೀಲು ಹಾಕಿದವರದು. ಎಷ್ಟು ತೂಕ ಕೊಡಬೇಕು ಅನ್ನುವುದಕ್ಕೆ ಅಳತೆಗೋಲು ಇಲ್ಲ. ಕಾರಣಗಳು ಎಷ್ಟು ಪೂರ್ಣವಾಗಿ, ಸ್ಪಷ್ಟವಾಗಿ ಬರೆದಿವೆ, ವಿಷಯ ಎಂಥದ್ದು, ಅಪೀಲಿನಲ್ಲಿ ಹೊಸ ಸಾಕ್ಷಿ ಏನು ಬಂದಿದೆ ಅನ್ನುವುದರ ಮೇಲೆ ಮ್ಯಾಜಿಸ್ಟ್ರೇಟರೇ ನಿರ್ಧರಿಸಬೇಕು. 6ನೇ ವಿಧಿಯ ವಾದವೂ ನಿಲ್ಲಲಿಲ್ಲ. ಸ್ವತಂತ್ರ ಕೋರ್ಟು ಸಾಕ್ಷಿಗಳನ್ನು ಪೂರ್ತಿ ಕೇಳುತ್ತದೆ, ತೀರ್ಮಾನ ಬದಲಿಸುವ ಅಧಿಕಾರವೂ ಅದಕ್ಕಿದೆ, ಅಷ್ಟು ಸಾಕು ಅಂದರು.

ಇದರಿಂದ ನೆಲದ ಮೇಲೆ ಏನಾಯಿತು? ಜಗಳ ಮೊದಲ ಕೋಣೆಗೆ, ಅಂದರೆ ಕೌನ್ಸಿಲ್ ವಿಚಾರಣೆಗೆ ಬಂತು. ಅದಕ್ಕೂ ಮೊದಲು ಕೌನ್ಸಿಲ್ ವಿಚಾರಣೆಯನ್ನು ರಿಹರ್ಸಲ್ ಥರ ಮುಗಿಸಿ, ಅಸಲಿ ಯುದ್ಧ ಕೋರ್ಟಿನಲ್ಲಿ ಮಾಡೋಣ ಅನ್ನುವ ಧೈರ್ಯಕ್ಕೆ ಜಾಗ ಇತ್ತು. ಈಗ ಮೊದಲ ಸುತ್ತಿನಲ್ಲಿ ಸೋತರೆ ಎರಡನೇ ಸುತ್ತು ಬೆಟ್ಟದ ಕೆಳಗಿನಿಂದ ಶುರು. ಇದು ನಿವಾಸಿಗಳಿಗೂ ಅನ್ವಯ. ಕೌನ್ಸಿಲ್ ಪಬ್ಬಿನ ಕಡೆ ತೀರ್ಮಾನ ಕೊಟ್ಟರೆ ಅಪೀಲು ಹಾಕುವ ನಿವಾಸಿಯ ಮೇಲೂ ಅದೇ ಹೊರೆ. ಕೌನ್ಸಿಲ್‌ಗಳಿಗೂ ಇದರಲ್ಲಿ ಒಂದು ಎಚ್ಚರಿಕೆ ಇದೆ: ಎರಡು ಸಾಲಿನ ಕಾರಣ ಬರೆದು ಕೈತೊಳೆದುಕೊಂಡರೆ ಮೇಲೆ ಯಾರೂ ಅದಕ್ಕೆ ತೂಕ ಕೊಡುವುದಿಲ್ಲ.

ಇದನ್ನು ಓದಿ ನಿವಾಸಿಗಳು ಕೂಗಿದರೆ ಸಾಕು, ಪಬ್ ಸೋಲುತ್ತದೆ ಅಂದುಕೊಳ್ಳಬೇಡಿ. ಇದರ ಪಕ್ಕದಲ್ಲೇ ಇಟ್ಟು ಓದಬೇಕಾದ ಇನ್ನೊಂದು ಕೇಸಿದೆ, 2008ರದು. ಲಿವರ್‌ಪೂಲ್ ಹತ್ತಿರದ ವಿರಲ್‌ನಲ್ಲಿ ಸಾಗಲ್ ಹೋಟೆಲ್ ಎಂಬ ಪಬ್, ಡೇನಿಯಲ್ ತ್ವೈಟ್ಸ್ ಕಂಪನಿಯದು. ಹೊಸ ಕಾಯ್ದೆ ಬಂದಾಗ ಅವರು ರಾತ್ರಿ ಇನ್ನಷ್ಟು ಹೊತ್ತು ತೆರೆಯಲು ಲೈಸೆನ್ಸ್ ಬದಲಾವಣೆ ಕೇಳಿದರು. ಪೊಲೀಸರ ಆಕ್ಷೇಪ ಉಳಿಯಲಿಲ್ಲ, ಕೌನ್ಸಿಲ್ ಷರತ್ತು ಹಾಕಿ ಕೊಟ್ಟಿತು. ಸುತ್ತಲಿನ ನಿವಾಸಿಗಳು ಅಪೀಲು ಹಾಕಿದರು. ಬೇರೆ ಪಬ್ ಮುಚ್ಚಿದ ಮೇಲೆ ಅಲ್ಲಿನ ಜನರೆಲ್ಲ ಇಲ್ಲಿಗೆ ಬರುತ್ತಾರೆ, ಗಲಾಟೆ ಆಗುತ್ತದೆ ಅನ್ನುವ ಭಯವನ್ನು ಒಪ್ಪಿ ಮ್ಯಾಜಿಸ್ಟ್ರೇಟರು ಸಮಯ ಕಡಿತ ಮಾಡಿದರು. ಆದರೆ ಅಷ್ಟರಲ್ಲಿ ಪಬ್ ಹೊಸ ಸಮಯದಲ್ಲೇ ತಿಂಗಳುಗಟ್ಟಲೆ ನಡೆದಿತ್ತು, ಹೇಳಿಕೊಳ್ಳುವಂಥ ತೊಂದರೆ ಆಗಿರಲಿಲ್ಲ. ನ್ಯಾಯಮೂರ್ತಿ ಬ್ಲ್ಯಾಕ್ ಮ್ಯಾಜಿಸ್ಟ್ರೇಟರ ಆದೇಶವನ್ನು ರದ್ದು ಮಾಡಿದರು. ಊಹೆಯ ಮೇಲೆ ನಿಂತದ್ದು, ಸಾಕ್ಷಿಯ ಮೇಲೆ ಅಲ್ಲ ಅನ್ನುವುದು ಕಾರಣ. ಎಂಡ್ಯೂರೆನ್ಸ್‌ನಲ್ಲಿ ಓಣಿಯ ಸದ್ದು ಆಗಲೇ ನಡೆಯುತ್ತಿದ್ದದ್ದು. ಇಲ್ಲಿ ಮುಂದೆ ಆಗಬಹುದು ಅನ್ನುವ ಭಯ. ಎರಡೂ ತೀರ್ಪು ಸರಿಯೇ ಅನ್ನಿಸುತ್ತದೆ ನನಗೆ.

ಸೋಹೋಗೆ ಬಂದು ಮನೆ ಮಾಡಿ ಸದ್ದು ಅಂತ ಅಳುವುದು ಯಾಕೆ ಅನ್ನುವವರು ಎಲ್ಲ ಕಡೆ ಇರುತ್ತಾರೆ. ಇಂಗ್ಲೆಂಡಿನ ಸಾಮಾನ್ಯ ಕಿರಿಕಿರಿ ಕಾನೂನಿನಲ್ಲಿ 1879ರಿಂದಲೇ ಆ ವಾದ ನಡೆಯುವುದಿಲ್ಲ. ಹಾರ್ಲೆ ಸ್ಟ್ರೀಟ್ ಹತ್ತಿರ ಒಬ್ಬ ಮಿಠಾಯಿ ತಯಾರಕರ ಒರಳಿನ ಸದ್ದಿನ ಮೇಲೆ, ಆಮೇಲೆ ಪಕ್ಕದಲ್ಲಿ ಕೋಣೆ ಕಟ್ಟಿಸಿದ ವೈದ್ಯರೇ ಗೆದ್ದಿದ್ದರು. ಆದರೆ ಲೈಸೆನ್ಸ್ ವಿಚಾರದಲ್ಲಿ ಆ ವಾದದ ಅರ್ಧ ನಿಜ. ಹಳ್ಳಿಯಲ್ಲಿ ಸಹಿಸಬೇಕಾಗಿಲ್ಲದ್ದನ್ನು ಸೋಹೋದಲ್ಲಿ ಸಹಿಸಬೇಕು. ಹಾಗಂತ ಸೋಹೋಗೆ ಮಿತಿಯೇ ಇಲ್ಲ ಅಂತಲ್ಲ.

ನಮ್ಮಲ್ಲಿ ಈ ಪ್ರಶ್ನೆ ಬೇರೆಯೇ ದಾರಿ ಹಿಡಿಯುತ್ತದೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳು ಅಂಕಿ ಕೊಟ್ಟಿವೆ: ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 10ರಿಂದ ಬೆಳಗ್ಗೆ 6ರ ತನಕ 45. ಬಾರ್ ಲೈಸೆನ್ಸ್ ಅಬಕಾರಿ ಇಲಾಖೆಯದು, ಸದ್ದಿನ ದೂರು ಪೊಲೀಸರದು. ಇಂದಿರಾನಗರದ ನಿವಾಸಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಅಲೆಯುವುದು ಇದಕ್ಕೇ. ಮೀಟರ್ ಹಿಡಿದರೆ ಒಂದು ಸ್ಪೀಕರ್ ಸಿಕ್ಕಿಬೀಳುತ್ತದೆ ನಿಜ, ಆದರೆ ಫುಟ್‌ಪಾತ್ ಮೇಲೆ ನಿಂತ ಗುಂಪಿನ ಮಾತಿಗೆ ಯಾರ ಹೆಸರಲ್ಲಿ ಕೇಸ್ ಹಾಕುವುದು? ಎಂಡ್ಯೂರೆನ್ಸ್ ಥರದ ಷರತ್ತು ಬರೆದು, ನಿವಾಸಿ ಮತ್ತು ಮಾಲೀಕರನ್ನು ಒಂದೇ ಮೇಜಿಗೆ ಕೂರಿಸುವ ಕೋಣೆ ನಮ್ಮಲ್ಲಿ ಇದ್ದಿದ್ದರೆ ಚೆನ್ನಾಗಿತ್ತು.

2012ರಲ್ಲಿ ಇಂಗ್ಲೆಂಡಿನ ನಿಯಮ ನಿವಾಸಿಗಳ ಕಡೆ ಇನ್ನೂ ವಾಲಿತು. ಪಬ್ಬಿನ ಹತ್ತಿರದವರು ಮಾತ್ರ ಮಾತಾಡಬಹುದು ಅನ್ನುವ ಮಿತಿ ಹೋಯಿತು. ಷರತ್ತು ಅನಿವಾರ್ಯ ಎಂದು ತೋರಿಸಬೇಕಿದ್ದ ಕಡೆ ಸೂಕ್ತ ಎಂದು ತೋರಿಸಿದರೆ ಸಾಕಾಯಿತು. 2020ರಲ್ಲಿ ಕೋವಿಡ್ ಬಂದಾಗ ಗಾಳಿ ತಿರುಗಿತು: ಹೊರಗೆ ಮಾರಲು ಪಬ್‌ಗಳಿಗೆ ತಾತ್ಕಾಲಿಕ ಕಾನೂನೇ ಬಂತು, ಸೋಹೋದ ಬೀದಿಗಳಲ್ಲಿ ವಾಹನ ಸಂಚಾರ ನಿಲ್ಲಿಸಿ ಮೇಜು ಹಾಕಿದರು, ಮೇಲಿನ ಮಹಡಿಯವರ ತಕರಾರು ಮತ್ತೆ ಶುರುವಾಯಿತು. ಇನ್ನೊಂದು ತಮಾಷೆ ನೋಡಿ. ಸಂಜೆ ಗ್ಲಾಸಿನ ಈ ತೀರ್ಪನ್ನು 2016ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಒಂದು ಗಡಿಪಾರು ಕೇಸಿನಲ್ಲಿ ಬಳಸಿತು. ಸರ್ಕಾರದ ನೀತಿಗೆ ಮೇಲ್ಮನವಿ ಮಂಡಳಿ ಎಷ್ಟು ತೂಕ ಕೊಡಬೇಕು ಅನ್ನುವ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಒಂದು ಪಬ್ಬಿನ ಓಣಿಯಲ್ಲಿ!

ಇಂಥ ಷರತ್ತು ಹೊತ್ತ ಪಬ್ ಅದನ್ನು ತೆಗೆಸಲು ಏನು ಮಾಡಬೇಕು? ಕೋರ್ಟಿಗೆ ಹೋಗುವುದಲ್ಲ, ಲೈಸೆನ್ಸ್ ಬದಲಾವಣೆಗೆ ಕೌನ್ಸಿಲ್‌ಗೇ ಅರ್ಜಿ ಹಾಕುವುದು. 2009ರಲ್ಲಿ ಬಂದ ಸಣ್ಣ ಬದಲಾವಣೆಯ ಸುಲಭ ದಾರಿ ಇದಕ್ಕೆ ಸಾಲದು. ಸದ್ದಿಗಾಗಿ ಹಾಕಿದ ಷರತ್ತನ್ನು ತೆಗೆದರೆ ಪರಿಣಾಮ ಇಲ್ಲ ಅಂತ ಯಾರೂ ನಂಬುವುದಿಲ್ಲ. ಪೂರ್ಣ ಅರ್ಜಿಯೇ ಬೇಕು: ಬಾಗಿಲಿಗೆ ನೀಲಿ ನೋಟಿಸ್, ಪತ್ರಿಕೆಯಲ್ಲಿ ಜಾಹೀರಾತು, 28 ದಿನ ಕಾಯುವುದು. ಜಾಣ ಮಾಲೀಕರು ನೋಟಿಸ್ ಅಂಟಿಸುವ ಮೊದಲೇ ಮೇಲಿನ ಮಹಡಿಯ ಬಾಗಿಲು ತಟ್ಟುತ್ತಾರೆ, ಷರತ್ತನ್ನು ಪೂರ್ತಿ ತೆಗೆಯಿರಿ ಅನ್ನುವ ಬದಲು 6 ಅನ್ನುವುದನ್ನು 8 ಮಾಡಿ ಅಂತ ಕೇಳುತ್ತಾರೆ, ಜೊತೆಗೆ ಹೊರಗೆ ಇಷ್ಟೇ ಜನ ಅನ್ನುವ ಮಿತಿ, ಬಾಗಿಲಲ್ಲಿ ಒಬ್ಬ ಕಾವಲುಗಾರ, ರಾತ್ರಿ ಎತ್ತುವ ಒಂದು ಫೋನ್ ನಂಬರ್ ಕೊಡುತ್ತಾರೆ.